ಎಷ್ಟು ಕಂಡರೆ ಸಾಕು

25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ಸ್ಪರ್ಧೆಯ ಅತಿ ಬಿರುಸಿನ ಸುತ್ತಿನಲ್ಲಿ ಐದು ಗುಂಡು ಹಾರಿಸಲು ಸಿಗುವ ಸಮಯ 4 ಸೆಕೆಂಡು. ಅದಕ್ಕೆ ಮುಂಚೆ ಸುಮ್ಮನೆ ನಿಂತು ಕಾಯಬೇಕಾದ ಸಮಯ 7 ಸೆಕೆಂಡು. ‘ಅಟೆನ್ಷನ್’ ಎಂಬ ಕೂಗು ಬೀಳುತ್ತದೆ, ಗುರಿಗಳ ಬಳಿ ಕೆಂಪು ದೀಪ ಹತ್ತುತ್ತದೆ. ಶೂಟರ್ ಒಂದೇ ಕೈಯಲ್ಲಿ ಪಿಸ್ತೂಲ್ ಹಿಡಿದು ತೋಳನ್ನು 45 ಡಿಗ್ರಿಯಷ್ಟು ಕೆಳಕ್ಕೆ ಇಳಿಸಿ ನಿಂತಿರಬೇಕು. ಹಸಿರು ದೀಪ ಬರುವತನಕ ಆ ತೋಳು ಮೇಲೇಳುವಂತಿಲ್ಲ. ಹಸಿರು ಬಂದೊಡನೆ ತೋಳು ಎದ್ದು ಮೊದಲ ಗುರಿಯ ಮೇಲೆ ನಿಲ್ಲಬೇಕು, ಗುಂಡು ಹೊರಡಬೇಕು, ಮುಕ್ಕಾಲು ಮೀಟರ್ ಆಚೆಯ ಎರಡನೆಯ ಗುರಿಗೆ ಸರಿಯಬೇಕು, ಮತ್ತೆ ಗುಂಡು. ಹೀಗೆ ಸಾಲಾಗಿರುವ ಐದು ಗುರಿಗಳಿಗೆ ಒಂದೊಂದು. ಈ ಪ್ಯಾರಾ ಓದಿ ಮುಗಿಸುವುದರೊಳಗೆ ಆ ಐದೂ ಗುಂಡು ಹಾರಿ ಬಹಳ ಹೊತ್ತಾಗಿರುತ್ತದೆ.

ಪೂರ್ತಿ ಅರ್ಹತಾ ಸುತ್ತಿನಲ್ಲಿ ಇಂಥ 60 ಗುಂಡು. ಅದನ್ನು ಎರಡು ಪಾಲು ಮಾಡಿ, ಒಂದೊಂದು ಪಾಲಿನಲ್ಲೂ 8 ಸೆಕೆಂಡಿನ ಎರಡು ಸೀರೀಸ್, 6 ಸೆಕೆಂಡಿನ ಎರಡು, 4 ಸೆಕೆಂಡಿನ ಎರಡು. ಕೈ ಅದೇ, ಪಿಸ್ತೂಲ್ ಅದೇ, ಗುರಿಯೂ ಅದೇ. ಕಾಲವೊಂದೇ ಕುಗ್ಗುತ್ತ ಹೋಗುತ್ತದೆ. ಎಲ್ಲ ಗುಂಡೂ ನಡುವಿನ ವೃತ್ತಕ್ಕೆ ಬಿದ್ದರೆ 600 ಅಂಕ.

ನಾವು ‘ನಿಧಾನವೇ ಪ್ರಧಾನ’ ಎಂದು ಕೇಳಿಕೊಂಡು ಬೆಳೆದವರು. ಬೇಗ ಮಾಡಿದರೆ ಕೆಡುತ್ತದೆ, ಸಾವಕಾಶವಾಗಿ ಮಾಡಿದರೆ ಸರಿಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ವೇಗ ಮತ್ತು ನಿಖರತೆಯ ಮಾತು ಬಂದಾಗ ಒಂದು ಹೆಚ್ಚಿದಷ್ಟೂ ಇನ್ನೊಂದು ಇಳಿಯುತ್ತದೆ ಎಂದು ಲೆಕ್ಕ ಹಾಕಿಬಿಡುತ್ತೇವೆ. ಪಿಸ್ತೂಲ್ ಅಭ್ಯಾಸವನ್ನು ಹತ್ತಿರದಿಂದ ಗಮನಿಸಿದಷ್ಟೂ ಈ ಲೆಕ್ಕ ನನಗೆ ಅರ್ಧ ಸತ್ಯವಾಗಿ ಕಾಣುತ್ತದೆ.

ಮೊದಲಿಗೆ ನಿಧಾನವನ್ನೇ ನೋಡೋಣ. ನಮ್ಮಲ್ಲಿ ಪಿಸ್ತೂಲ್ ಕಲಿಯುವ ಮಕ್ಕಳಲ್ಲಿ ಹೆಚ್ಚಿನವರು ಶುರುಮಾಡುವುದು 10 ಮೀಟರ್ ಏರ್ ಪಿಸ್ತೂಲಿನಿಂದ. ಅಲ್ಲಿ 60 ಗುಂಡಿಗೆ 75 ನಿಮಿಷ. ಒಂದು ಗುಂಡಿಗೆ ಸರಾಸರಿ ಒಂದೂಕಾಲು ನಿಮಿಷ ಸಿಗುತ್ತದೆ. ಬೇಕಾದಷ್ಟು ಹೊತ್ತು ಇರುವಾಗ ತಪ್ಪಾಗುವುದೇಕೆ? ಕಾರಣ ಮೈಯಲ್ಲೇ ಇದೆ. ಚಾಚಿದ ತೋಳು ಎಂದೂ ಪೂರ್ತಿ ನಿಶ್ಚಲವಾಗಿರುವುದಿಲ್ಲ. ಗುರಿಯ ಮೇಲೆ ಬಂದು ನೆಲೆಗೊಂಡ ಕೆಲವು ಸೆಕೆಂಡು ಅದು ತನ್ನ ಕೈಲಾದಷ್ಟು ಸ್ಥಿರವಾಗಿರುತ್ತದೆ. ಆಮೇಲೆ ಹಿಡಿದ ಉಸಿರು ಕಾಡಲು ತೊಡಗುತ್ತದೆ, ಭುಜ ಸೋಲುತ್ತದೆ, ನೆಟ್ಟ ನೋಟ ಮಸುಕಾಗುತ್ತದೆ. ಎಂಟು ಹತ್ತು ಸೆಕೆಂಡಾದರೂ ಗುಂಡು ಹೊರಡದಿದ್ದರೆ ತೋಳು ಇಳಿಸು, ಮತ್ತೆ ಎತ್ತು ಎಂದು ಕೋಚ್‌ಗಳು ಹೇಳುವುದು ಅದಕ್ಕೇ. ಹೊಸಬರು ಇಳಿಸುವುದಿಲ್ಲ. ಇನ್ನೂ ಸ್ವಲ್ಪ ಕಾದರೆ ಎಲ್ಲ ಸರಿಯಾಗಿ ಕೂಡಿಬರುವ ಗಳಿಗೆಯೊಂದು ಸಿಗುತ್ತದೆಂದು ಹಟ ಹಿಡಿದು ನಿಲ್ಲುತ್ತಾರೆ. ಆ ಗಳಿಗೆ ಬಂದಂತೆ ಕಂಡ ಕೂಡಲೇ, ಎಲ್ಲಿ ಜಾರಿಹೋದೀತೋ ಎಂಬ ಗಾಬರಿಯಲ್ಲಿ ಬೆರಳು ಟ್ರಿಗರನ್ನು ಜಗ್ಗುತ್ತದೆ. ಗುಂಡು ಕೆಳಗೆಲ್ಲೋ ಬೀಳುತ್ತದೆ. ನಿಧಾನದ ಒಡಲಲ್ಲೇ ಇಂಥ ಆತುರ ಅಡಗಿರುತ್ತದೆ, ಮತ್ತು ಅದು ನಾಲ್ಕು ಸೆಕೆಂಡಿನ ಆತುರಕ್ಕಿಂತ ಕೆಟ್ಟದ್ದು.

ಆ ಒಂದು ಜಗ್ಗಾಟ ಅಷ್ಟೊಂದು ದುಬಾರಿ ಯಾಕಾಗುತ್ತದೆ ಎಂಬುದಕ್ಕೆ ರೇಖಾಗಣಿತದಲ್ಲಿ ಉತ್ತರವಿದೆ. ಪಿಸ್ತೂಲಿನ ಹಿಂದಿನ ಸೈಟಿನಲ್ಲಿ ಒಂದು ಕಚ್ಚು, ತುದಿಯಲ್ಲಿ ಮುಂದಿನ ಸೈಟು. 25 ಮೀಟರ್ ಸ್ಪರ್ಧೆಯ ಪಿಸ್ತೂಲಿನಲ್ಲಿ ಇವೆರಡರ ನಡುವೆ ಹೆಚ್ಚೆಂದರೆ 22 ಸೆಂಟಿಮೀಟರ್ ಅಂತರ ಇರಬಹುದು. ಕೈ ಅದುರಿ ಇಡೀ ಪಿಸ್ತೂಲ್ ಓರೆಯಾಗದೆ 2 ಸೆಂಟಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಅಷ್ಟೇ 2 ಸೆಂಟಿಮೀಟರ್ ಸರಿದು ಬೀಳುತ್ತದೆ. ರ‍್ಯಾಪಿಡ್ ಫೈರ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10 ಸೆಂಟಿಮೀಟರ್, ಆದ್ದರಿಂದ ಅದು ಆಗಲೂ ಹತ್ತೇ. ಆದರೆ ಮುಂದಿನ ಸೈಟು ಕಚ್ಚಿನ ನಡುವಿನಿಂದ ಬರೀ 1 ಮಿಲಿಮೀಟರ್ ವಾಲಿದರೆ, 25 ಮೀಟರ್ ದೂರದಲ್ಲಿ ಅದು 11 ಸೆಂಟಿಮೀಟರಿಗೂ ಹೆಚ್ಚಿನ ತಪ್ಪಾಗಿ ಬೆಳೆಯುತ್ತದೆ. ಹತ್ತಾಗಬೇಕಿದ್ದದ್ದು ಎಂಟಾಗುತ್ತದೆ. ಹೊಸಬರು ಹೆದರುವುದು ಕಣ್ಣಿಗೆ ರಾಚುವ ಕೈನಡುಕಕ್ಕೆ. ಅಂಕ ಕಳೆಯುವುದು ಗಮನಕ್ಕೇ ಬಾರದ ಓರೆ. ಆ ಓರೆಯನ್ನು ತರುವುದು ಬಹುಮಟ್ಟಿಗೆ ಟ್ರಿಗರ್ ಮೇಲಿನ ಬೆರಳು, ಮತ್ತು ಗುಂಡಿನ ಸದ್ದನ್ನು ಮುಂಚೆಯೇ ನಿರೀಕ್ಷಿಸಿ ಕುಗ್ಗುವ ಮಣಿಕಟ್ಟು.

ವೇಗಕ್ಕೆ ಏನನ್ನು ಕೊಡಬಹುದು, ಏನನ್ನು ಕೊಡಬಾರದು ಎಂಬುದು ಇಲ್ಲಿಂದ ತಿಳಿಯುತ್ತದೆ. ಗುರಿಯ ನಟ್ಟನಡುವನ್ನು ಬಿಟ್ಟುಕೊಡಬಹುದು, ತೂಗಾಟವನ್ನು ಒಪ್ಪಿಕೊಳ್ಳಬಹುದು. ಎರಡು ಸೈಟುಗಳ ಹೊಂದಾಣಿಕೆಯನ್ನೂ ಬೆರಳಿನ ನೇರವಾದ ಒತ್ತನ್ನೂ ಕೊಡುವಂತಿಲ್ಲ. ಒಳ್ಳೆಯ ಶೂಟರ್ ಬೇಗ ಹೊಡೆಯುತ್ತಾನೆ ಎಂದರೆ ಆತನ ಬೆರಳು ಬೇಗ ಆಡುತ್ತದೆ ಎಂದಲ್ಲ. ನಿಯಮದ ಪ್ರಕಾರ ಆ ಟ್ರಿಗರಿಗೆ ಕನಿಷ್ಠ 1000 ಗ್ರಾಂ ಒತ್ತಡ ಬೇಕು. ಅದರಲ್ಲಿ ಮೊದಲ ಪಾಲನ್ನು ಆತ ತೋಳು ಮೇಲೇಳುತ್ತಿರುವಾಗಲೇ ಒತ್ತಿಟ್ಟುಕೊಂಡಿರುತ್ತಾನೆ. ತೋಳು ಗುರಿಗೆ ತಲುಪಿದಾಗ ಉಳಿದಿರುವುದು ಕೊನೆಯ ಒಂದು ಚೂರು. ಪಕ್ಕದ ಗುರಿಗೆ ಸರಿಯುವಾಗಲೂ ತೋಳನ್ನು ಬೀಸುವುದಿಲ್ಲ. ಸೊಂಟದಿಂದ ಮೇಲಿನ ಮೈ ಇಡಿಯಾಗಿ ತಿರುಗುತ್ತದೆ, ಭುಜ, ಮಣಿಕಟ್ಟು, ಸೈಟು ಹೊಂದಿಸಿಟ್ಟಂತೆಯೇ ಇರುತ್ತವೆ. ಬೇಡವಾದ ಚಲನೆ, ಬೇಡವಾದ ಮರುಪರಿಶೀಲನೆ ಹೋದ ಮೇಲೆ ಉಳಿಯುವ ಕಾಲಕ್ಕೆ ನಾವು ವೇಗ ಎನ್ನುತ್ತೇವೆ.

ಹಾಗೆಂದು ಇದಕ್ಕೆ ಮಿತಿಯೇ ಇಲ್ಲವೆಂದಲ್ಲ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ವುಡ್‌ವರ್ತ್ 1899ರಲ್ಲೇ ಇದನ್ನು ಅಳೆಯಲು ಹೊರಟಿದ್ದ. ಮೆಟ್ರೊನೋಮಿನ ಬಡಿತಕ್ಕೆ ಸರಿಯಾಗಿ ಒಂದೇ ಉದ್ದದ ಗೆರೆಗಳನ್ನು ಎಳೆಯಲು ಜನರಿಗೆ ಹೇಳಿ, ಕಣ್ಣು ತೆರೆದಾಗ ಎಷ್ಟು ತಪ್ಪು, ಮುಚ್ಚಿದಾಗ ಎಷ್ಟು ತಪ್ಪು ಎಂದು ಹೋಲಿಸಿ ನೋಡಿದ. ನಿಧಾನವಾಗಿ ಎಳೆಯುವಾಗ ಕಣ್ಣು ತೆರೆದವರದ್ದೇ ಮೇಲುಗೈ. ಬಡಿತ ಚುರುಕಾಗಿ ಒಂದೊಂದು ಗೆರೆಗೆ ಸುಮಾರು ಅರ್ಧ ಸೆಕೆಂಡಿಗಿಂತ ಕಡಿಮೆ ಹೊತ್ತು ಸಿಗತೊಡಗಿದಾಗ ಕಣ್ಣು ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ ಎಂಬಂತಾಯಿತು. ನೋಡಿ ತಿದ್ದಿಕೊಳ್ಳಲು ಒಂದಿಷ್ಟು ಹೊತ್ತು ಬೇಕು. ಅದಕ್ಕಿಂತ ಬೇಗ ಮಾಡಿದ್ದು ಎಸೆದ ಕಲ್ಲಿನ ಹಾಗೆ, ಹೋದದ್ದು ಹೋಯಿತು. 1954ರಲ್ಲಿ ಪಾಲ್ ಫಿಟ್ಸ್ ಎಂಬ ಇನ್ನೊಬ್ಬ ಮನೋವಿಜ್ಞಾನಿ ಎರಡು ಲೋಹದ ಪಟ್ಟಿಗಳನ್ನು ಸರದಿಯಂತೆ ಮುಟ್ಟಿಸುವ ಪ್ರಯೋಗ ಮಾಡಿ, ದೂರ ಹೆಚ್ಚಿದಂತೆ, ಗುರಿ ಕಿರಿದಾದಂತೆ ಕೈಗೆ ಬೇಕಾಗುವ ಕಾಲ ಯಾವ ಲೆಕ್ಕದಲ್ಲಿ ಬೆಳೆಯುತ್ತದೆ ಎಂಬ ಸೂತ್ರ ಕೊಟ್ಟ.

ಈ ಎರಡು ಪ್ರಯೋಗಗಳನ್ನು ಕೈಯಲ್ಲಿಟ್ಟುಕೊಂಡು 4 ಸೆಕೆಂಡಿನ ಸೀರೀಸ್ ನೋಡಿದರೆ, ಅದನ್ನು ರೂಪಿಸಿದವರು ಮನುಷ್ಯನ ಮೈಯನ್ನು ಬಲ್ಲವರೆಂದು ಅನ್ನಿಸುತ್ತದೆ. ತೋಳೆತ್ತಿ ಮೊದಲ ಗುಂಡು ಹಾರಿಸಲು ಹತ್ತಿರಹತ್ತಿರ ಒಂದೂವರೆ ಸೆಕೆಂಡು ಹೋದರೆ, ಉಳಿದ ನಾಲ್ಕಕ್ಕೆ ಸಿಗುವುದು ತಲಾ ಅರ್ಧ ಸೆಕೆಂಡು, ಅಥವಾ ತುಸು ಹೆಚ್ಚು. ಒಮ್ಮೆ ನೋಡಿ ಒಮ್ಮೆ ತಿದ್ದಿಕೊಳ್ಳುವಷ್ಟು ಹೊತ್ತು ಅದು. ಎರಡನೆಯ ಸಲ ತಿದ್ದಲು ಹೋದವನ ಐದನೆಯ ಗುಂಡಿಗೆ ಕಾಲ ಉಳಿಯುವುದಿಲ್ಲ. ಗುರಿಯನ್ನೂ ಅದಕ್ಕೆ ತಕ್ಕಂತೆ ಹಿಗ್ಗಿಸಿದ್ದಾರೆ: ನಿಧಾನದ ಪ್ರಿಸಿಷನ್ ಗುರಿಯಲ್ಲಿ ಹತ್ತು ಅಂಕದ ವೃತ್ತ 5 ಸೆಂಟಿಮೀಟರ್, ರ‍್ಯಾಪಿಡ್ ಫೈರ್ ಗುರಿಯಲ್ಲಿ ಅದರ ಎರಡರಷ್ಟು.

ಈ ಎರಡೂ ಗುರಿಗಳು ಒಟ್ಟಿಗೆ ಬರುವ ಸ್ಪರ್ಧೆ ಮಹಿಳೆಯರ 25 ಮೀಟರ್ ಪಿಸ್ತೂಲ್. ಅದರಲ್ಲಿ ಮೊದಲ 30 ಗುಂಡು ಪ್ರಿಸಿಷನ್, ಐದೈದು ಗುಂಡಿಗೆ 5 ನಿಮಿಷ. ಉಳಿದ 30 ರ‍್ಯಾಪಿಡ್, ಒಂದೊಂದು ಗುಂಡಿಗೆ 3 ಸೆಕೆಂಡು, ನಡುವೆ 7 ಸೆಕೆಂಡು ತೋಳು ಇಳಿಸಿ ಕಾಯುವುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪ್ರಿಸಿಷನ್‌ನಲ್ಲಿ 294, ರ‍್ಯಾಪಿಡ್‌ನಲ್ಲಿ 296 ಗಳಿಸಿ, 590 ಅಂಕದೊಂದಿಗೆ ಫೈನಲ್ ತಲುಪಿದರು. ನಿಮಿಷಗಟ್ಟಲೆ ಸಿಕ್ಕಾಗ ಬಂದದ್ದಕ್ಕಿಂತ ಮೂರು ಸೆಕೆಂಡಿನಲ್ಲಿ ಬಂದ ಅಂಕ ಹೆಚ್ಚು. ಗುರಿ ದೊಡ್ಡದಿತ್ತಲ್ಲ ಎನ್ನಬಹುದು, ನಿಜ. ಆದರೆ ಗುರಿ ದೊಡ್ಡದಾಗಿದೆ ಎಂದು ತೋಳಿಗೆ ಗೊತ್ತಿರಬೇಕು, ಗೊತ್ತಿದ್ದು ಅದನ್ನು ನಂಬಬೇಕು. ಐದು ಸೆಂಟಿಮೀಟರಿನ ವೃತ್ತಕ್ಕೆ ಬೇಕಾಗುವಷ್ಟು ಕಾಳಜಿಯನ್ನು ಹತ್ತು ಸೆಂಟಿಮೀಟರಿನ ವೃತ್ತದ ಮೇಲೂ ಸುರಿಯಲು ಹೋದವರಿಗೆ ಮೂರು ಸೆಕೆಂಡು ಸಾಲುವುದಿಲ್ಲ.

ನಿಖರತೆ ಎಂಬುದು ಒಂದೇ ಅಳತೆಯ ವಸ್ತುವಲ್ಲ ಎಂದು ನನಗೆ ಮನವರಿಕೆಯಾದದ್ದು ಇಲ್ಲಿಯೇ. ಪ್ರತಿ ಗುರಿಗೂ, ಪ್ರತಿ ದೂರಕ್ಕೂ ಇಷ್ಟು ಕಂಡರೆ ಸಾಕು ಎಂಬ ಒಂದು ಗೆರೆ ಇರುತ್ತದೆ. ಅಷ್ಟು ಕಾಣುವ ಮುಂಚೆ ಹೊಡೆದರೆ ಆತುರ. ಅಷ್ಟು ಕಂಡ ಮೇಲೂ ಕಾಯುತ್ತ ನಿಂತರೆ ಅದು ಹೆದರಿಕೆ. ಎಚ್ಚರಿಕೆಯ ವೇಷದಲ್ಲಿ ಬಂದದ್ದು ಅಷ್ಟೆ.

ಹಾಗಾದರೆ ಅಭ್ಯಾಸ ಹೇಗಿರಬೇಕು? ಅಮೆರಿಕದ ಬಂದೂಕು ತರಬೇತಿದಾರರಲ್ಲಿ ಒಂದು ಮಾತು ಬಹಳ ಪ್ರಚಾರದಲ್ಲಿದೆ: ನಿಧಾನವಾಗಿ ಮಾಡಿದರೆ ಕೆಲಸ ನಯವಾಗುತ್ತದೆ, ನಯವಾದದ್ದು ತಾನಾಗಿ ಬೇಗವಾಗುತ್ತದೆ ಎಂದು. ಕೇಳಲು ಇಂಪಾಗಿದೆ. ಅದರ ಎರಡನೆಯ ಭಾಗವನ್ನು ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ನಿಧಾನವಾಗಿಯೇ ಹೊಡೆದು, ಟಾರ್ಗೆಟಿನಲ್ಲಿ ಒಂದೇ ತೂತು ಎಂಬಂತೆ ಗ್ರೂಪಿಂಗ್ ತರುವವರು, ಕಾಲ ಕಟ್ಟಿಟ್ಟ ಕೂಡಲೇ ಚೆಲ್ಲಾಪಿಲ್ಲಿಯಾಗುವುದು ಅಪರೂಪವಲ್ಲ. ನಿಧಾನಕ್ಕೆ ಹಲವು ದೋಷಗಳನ್ನು ಮುಚ್ಚಿಡುವ ಗುಣವಿದೆ. ಹಿಡಿತ ಸಡಿಲವಿದ್ದರೂ ನಡೆಯುತ್ತದೆ, ಏಕೆಂದರೆ ಮುಂದಿನ ಗುಂಡಿಗೆ ಮುಂಚೆ ಮತ್ತೆ ಹಿಡಿದುಕೊಳ್ಳಬಹುದು. ನಿಂತ ಭಂಗಿ ಸೊಟ್ಟಗಿದ್ದರೂ ನಡೆಯುತ್ತದೆ, ತೋಳನ್ನು ಎಳೆದು ಸರಿಮಾಡಿಕೊಳ್ಳಲು ಹೊತ್ತಿದೆ. ವೇಗವಾಗಿ ಹೊಡೆದಾಗ ಇವೆಲ್ಲ ಬಯಲಿಗೆ ಬೀಳುತ್ತವೆ. ಹಿಡಿತ ಸರಿಯಿಲ್ಲದಿದ್ದರೆ ಎರಡನೆಯ ಗುಂಡಿಗೆ ಸೈಟು ತನ್ನ ಜಾಗಕ್ಕೆ ಮರಳುವುದಿಲ್ಲ. ಆದ್ದರಿಂದ ವೇಗದ ಅಭ್ಯಾಸ ನಿಖರತೆಯ ಶತ್ರುವಲ್ಲ, ಅದರ ತಪಾಸಣೆ.

ನಮ್ಮ ಸಂಗೀತದ ಪಾಠದಲ್ಲಿ ಈ ತಿಳಿವಳಿಕೆ ಹಿಂದಿನಿಂದಲೂ ಇದೆ. ಸರಳೆ ವರಸೆಯನ್ನು ಮೊದಲ ಕಾಲದಲ್ಲಿ ಹಾಡಿದ ಮಗು ಅದನ್ನೇ ಎರಡನೆಯ ಕಾಲದಲ್ಲಿ, ಮೂರನೆಯ ಕಾಲದಲ್ಲಿ ಹಾಡಬೇಕು. ತಾಳ ಬದಲಾಗುವುದಿಲ್ಲ, ಒಂದು ಏಟಿಗೆ ಬೀಳುವ ಸ್ವರಗಳು ಹೆಚ್ಚುತ್ತವೆ. ಮೂರನೆಯ ಕಾಲದಲ್ಲಿ ಯಾವ ಸ್ವರ ನುಂಗಿಹೋಯಿತೋ ಅದು ಮೊದಲ ಕಾಲದಲ್ಲೂ ಗಟ್ಟಿಯಾಗಿರಲಿಲ್ಲ ಎಂದು ಮೇಷ್ಟರಿಗೆ ಗೊತ್ತು. ಮತ್ತೆ ಹಿಂದಕ್ಕೆ ಕರೆದೊಯ್ದು ಅದೊಂದನ್ನು ತಿದ್ದಿಸುತ್ತಾರೆ. ಪಿಸ್ತೂಲಿನಲ್ಲಿ ಇದಕ್ಕೆ ಅತಿ ಹತ್ತಿರದ್ದು 25 ಮೀಟರ್ ಸ್ಟ್ಯಾಂಡರ್ಡ್ ಪಿಸ್ತೂಲ್ ಸ್ಪರ್ಧೆ. ಐದು ಗುಂಡಿಗೆ 150 ಸೆಕೆಂಡಿನ ನಾಲ್ಕು ಸೀರೀಸ್, 20 ಸೆಕೆಂಡಿನ ನಾಲ್ಕು, 10 ಸೆಕೆಂಡಿನ ನಾಲ್ಕು. ಇಲ್ಲಿ ಗುರಿಯನ್ನು ಹಿಗ್ಗಿಸುವ ದಯೆ ತೋರುವುದಿಲ್ಲ. ಮೂರೂ ಹಂತಕ್ಕೆ ಅದೇ 5 ಸೆಂಟಿಮೀಟರಿನ ವೃತ್ತ. 1983ರಲ್ಲಿ ಅಮೆರಿಕದ ಎರಿಕ್ ಬುಲ್ಯುಂಗ್ ಇದರಲ್ಲಿ 584 ಅಂಕದ ವಿಶ್ವದಾಖಲೆ ಬರೆದಿದ್ದರು. ಒಲಿಂಪಿಕ್ಸ್‌ಗೆ ಸೇರಿಲ್ಲವಾದ್ದರಿಂದ ಈ ಸ್ಪರ್ಧೆಯ ಬಗ್ಗೆ ಮಾತು ಕಡಿಮೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಜಸ್ಪಾಲ್ ರಾಣಾ ಚಿನ್ನ ಗೆದ್ದ ಸ್ಪರ್ಧೆಗಳಲ್ಲಿ ಇದೂ ಒಂದು. ಅದೇ ಕೂಟದ ಸೆಂಟರ್ ಫೈರ್ ಸ್ಪರ್ಧೆಯಲ್ಲಿ ಜ್ವರದ ಮೈಯಲ್ಲೇ 590 ಅಂಕ ಗಳಿಸಿ ಅವರು ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ನಿಧಾನ ಮತ್ತು ವೇಗ ಎರಡನ್ನೂ ಒಂದೇ ದಿನ ಕೇಳುವ ಸ್ಪರ್ಧೆಗಳಲ್ಲಿ ಪಳಗಿದ ಆ ಶೂಟರ್ ಮುಂದೆ ಮನು ಭಾಕರ್‌ಗೆ ಕೋಚ್ ಆದದ್ದು ಎಷ್ಟೋ ಜನರಿಗೆ ಗೊತ್ತು.

ನಿಧಾನಕ್ಕೆ ತನ್ನದೇ ಗೌರವವಿದೆ, ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದು 50 ಮೀಟರ್ ಪಿಸ್ತೂಲಿನಲ್ಲಿ. ಅಷ್ಟು ದೂರಕ್ಕೂ ಹತ್ತು ಅಂಕದ ವೃತ್ತ ಅದೇ 5 ಸೆಂಟಿಮೀಟರ್. ಕೈ, ಕಣ್ಣು, ಉಸಿರು ಮೂರನ್ನೂ ಗಂಟೆಗಟ್ಟಲೆ ಹದದಲ್ಲಿಡಬೇಕಾದ ಆಟ ಅದು. ರಿಯೊ ನಂತರ ಆ ಸ್ಪರ್ಧೆಯನ್ನು ಒಲಿಂಪಿಕ್ಸ್‌ನಿಂದ ಕೈಬಿಟ್ಟರು. ರ‍್ಯಾಪಿಡ್ ಫೈರ್ ಉಳಿಯಿತು. ಕೈಬಿಟ್ಟದ್ದಕ್ಕೆ ಪುರುಷರ ಮತ್ತು ಮಹಿಳೆಯರ ಸ್ಪರ್ಧೆಗಳ ಸಂಖ್ಯೆಯನ್ನು ಸರಿದೂಗಿಸುವ ಕಾರಣವಿತ್ತು, ನಿಜ. ಆದರೂ ಪಿಸ್ತೂಲಿನ ಅತಿ ಕಠಿಣ ನಿಧಾನದ ಆಟ ಹೋದದ್ದು ನನಗೆ ನಷ್ಟವೆಂದೇ ಕಾಣುತ್ತದೆ.

ಇನ್ನೊಂದು ತುದಿಗೆ ಹೋದರೆ ಪ್ರಾಕ್ಟಿಕಲ್ ಶೂಟಿಂಗ್ ಸಿಗುತ್ತದೆ. ಇದಕ್ಕಾಗಿಯೇ 1976ರಲ್ಲಿ ಅಮೆರಿಕದ ಮಿಸ್ಸೋರಿಯ ಕೊಲಂಬಿಯಾ ಊರಿನಲ್ಲಿ ಅಂತರರಾಷ್ಟ್ರೀಯ ಒಕ್ಕೂಟವೊಂದು ಹುಟ್ಟಿತು, ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷ. ಅದರ ಲ್ಯಾಟಿನ್ ಧ್ಯೇಯವಾಕ್ಯದಲ್ಲಿರುವುದು ನಿಖರತೆ, ಬಲ, ವೇಗ ಎಂಬ ಮೂರು ಮಾತು. ಓಡುತ್ತ, ತಿರುಗುತ್ತ ಹೊಡೆಯುವ ಈ ಆಟದಲ್ಲಿ ಕಾಲದ ಗಡುವಿಲ್ಲ. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಲೆಕ್ಕ ಹೀಗೆ: ಎರಡು ಗುಂಡೂ ನಡುವಿನ ಭಾಗಕ್ಕೆ ಬಿದ್ದು ತಲಾ 5ರಂತೆ 10 ಅಂಕ, ಕಾಲ 2 ಸೆಕೆಂಡು, ಬಂದದ್ದು 5. ಇನ್ನೊಬ್ಬನ ಒಂದು ಗುಂಡು ನಡುವಿಗೆ, ಒಂದು ಅದರ ಪಕ್ಕದ ಭಾಗಕ್ಕೆ; ಕಡಿಮೆ ಬಲದ ಗುಂಡಾದರೆ ಅದಕ್ಕೆ 3 ಅಂಕ, ಒಟ್ಟು 8, ಕಾಲ ಒಂದೂವರೆ ಸೆಕೆಂಡು; ಬಂದದ್ದು 5.33. ತುಸು ತಪ್ಪಿದವನೇ ಮುಂದೆ. ಮೂರನೆಯವನು ಅದಕ್ಕಿಂತಲೂ ಬೇಗ ಹೊಡೆದು ಒಂದು ಗುಂಡನ್ನು ಪೂರ್ತಿ ತಪ್ಪಿಸಿಕೊಂಡರೆ 10 ಅಂಕ ಕಡಿತ; ಅವನಿಗೆ ಸೊನ್ನೆ. ಈ ನಿಯಮ ನನಗೆ ಇಷ್ಟ. ಸಣ್ಣ ತಪ್ಪಿಗೆ ಸಣ್ಣ ಬೆಲೆ, ಹುಂಬತನಕ್ಕೆ ದೊಡ್ಡ ಬೆಲೆ. ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನವನ್ನು ಮಾತ್ರ ಶೂಟರಿಗೇ ಬಿಟ್ಟಿದೆ.

ಒಲಿಂಪಿಕ್ ಫೈನಲ್ ಹಾಗಲ್ಲ, ಅಲ್ಲಿ ಬೇರೆಯೇ ತೆರನಾದ ಕಾಠಿಣ್ಯ. 2012ರ ಲಂಡನ್ ಒಲಿಂಪಿಕ್ಸ್‌ನ ರ‍್ಯಾಪಿಡ್ ಫೈರ್ ಫೈನಲ್ ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಎಲ್ಲ ಸೀರೀಸೂ 4 ಸೆಕೆಂಡಿನವು. 9.7 ಅಥವಾ ಮೇಲೆ ಬಿದ್ದ ಗುಂಡಿಗೆ ಒಂದು ಅಂಕ, ಕೆಳಗಿನದಕ್ಕೆ ಏನೂ ಇಲ್ಲ. 10.9 ಬಂದರೂ ಒಂದೇ, 9.7 ಬಂದರೂ ಒಂದೇ, 9.6 ಬಂದರೆ ಹೊಡೆಯದೇ ಇದ್ದಂತೆ. ರಷ್ಯಾದ ಅಲೆಕ್ಸಿ ಕ್ಲಿಮೋವ್ ಅರ್ಹತಾ ಸುತ್ತಿನಲ್ಲಿ 592 ಅಂಕ ಗಳಿಸಿ ವಿಶ್ವದಾಖಲೆ ಮಾಡಿ ಫೈನಲಿಗೆ ಬಂದಿದ್ದರು. ಭಾರತೀಯ ಸೇನೆಯ ವಿಜಯ್ ಕುಮಾರ್ 585 ಅಂಕದೊಂದಿಗೆ ಬಂದಿದ್ದರು. ಫೈನಲ್ ಮುಗಿದಾಗ ಕ್ಯೂಬಾದ ಲ್ಯೂರಿಸ್ ಪುಪೊಗೆ 34 ಅಂಕ ಮತ್ತು ಚಿನ್ನ, ವಿಜಯ್ ಕುಮಾರ್‌ಗೆ 30 ಮತ್ತು ಬೆಳ್ಳಿ, ಚೀನಾದ ಡಿಂಗ್ ಫೆಂಗ್‌ಗೆ 27 ಮತ್ತು ಕಂಚು. ಕ್ಲಿಮೋವ್ ನಾಲ್ಕನೆಯವರು.

ಆ ಅಂಕಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಗೆದ್ದವರು ತಪ್ಪಿಸಿಕೊಂಡ ಗುಂಡುಗಳನ್ನು. 40 ಗುಂಡುಗಳಲ್ಲಿ ಚಿನ್ನ ಗೆದ್ದವರದ್ದೇ ಆರು ಹೋದವು, ವಿಜಯ್ ಕುಮಾರ್ ಅವರದ್ದು ಹತ್ತು. ಎರಡನೆಯ ಗುರಿಯಲ್ಲಿ ಗುಂಡು ತಪ್ಪಿದೆ ಎಂದು ಗೊತ್ತಾದಾಗ ಮೂರನೆಯದಕ್ಕೆ ಉಳಿದಿರುವುದು ಅರ್ಧ ಸೆಕೆಂಡು. ಅದರಲ್ಲಿ ಮರುಗಲು ಹೊತ್ತಿಲ್ಲ, ತಪ್ಪಿದ್ದನ್ನು ತುಂಬಿಕೊಡುತ್ತೇನೆಂಬ ರೋಷಕ್ಕೂ ಎಡೆಯಿಲ್ಲ. ಹಿಂದಿನದನ್ನು ಹಿಂದೆಯೇ ಬಿಟ್ಟು ಸರಿಯುವುದು ಸ್ವಭಾವದ ಮಾತು ಎಂದುಕೊಂಡಿದ್ದೆ. ಅದೂ ಟ್ರಿಗರಿನ ಒತ್ತಿನಂತೆ ಅಭ್ಯಾಸದಿಂದ ಬರುವ ಕೈಗುಣ ಎಂದು ಈಗ ಅನ್ನಿಸುತ್ತದೆ.

ಇದೇ ಸ್ಪರ್ಧೆಯ ಚರಿತ್ರೆಯಲ್ಲಿ ಹಂಗೇರಿಯ ಕರೋಯ್ ಟಕಾಚ್ ಎಂಬ ಸೈನಿಕನ ಹೆಸರಿದೆ. 1938ರಲ್ಲಿ ತರಬೇತಿಯ ವೇಳೆ ಕೈಬಾಂಬ್ ಸಿಡಿದು ಅವನ ಬಲಗೈ ಛಿದ್ರವಾಯಿತು. ಗುರಿ ಹಿಡಿಯುತ್ತಿದ್ದದ್ದು ಅದೇ ಕೈ. ಆತ ಯಾರಿಗೂ ಹೇಳದೆ ಎಡಗೈಯಲ್ಲಿ ಶುರುಮಾಡಿದ, ಮರುವರ್ಷವೇ ದೇಶದ ಚಾಂಪಿಯನ್ ಆದ. ಯುದ್ಧ ಮುಗಿದ ಮೇಲೆ 1948ರ ಲಂಡನ್‌ನಲ್ಲೂ 1952ರ ಹೆಲ್ಸಿಂಕಿಯಲ್ಲೂ ರ‍್ಯಾಪಿಡ್ ಫೈರ್ ಚಿನ್ನ ಅವನದೇ. ಈ ಕಥೆಯನ್ನು ಛಲದ ಕಥೆಯೆಂದು ಎಲ್ಲರೂ ಹೇಳುತ್ತಾರೆ, ಹೇಳಲಿ. ನನಗೆ ಕುತೂಹಲವಿರುವುದು ಅವನ ಬಲಗೈಯಿಂದ ಎಡಗೈಗೆ ಏನು ದಾಟಿತು ಎಂಬುದರಲ್ಲಿ. ಬೆರಳಿನ ಬಲ ದಾಟಲಾರದು, ತೋಳಿನ ರೂಢಿಯೂ ದಾಟಲಾರದು. ಇಷ್ಟು ಕಂಡರೆ ಸಾಕು ಎಂಬ ಕಣ್ಣಿನ ತೀರ್ಪು ಮಾತ್ರ ಯಾವ ಕೈಗೂ ಸೇರಿದ್ದಲ್ಲ.

ನಮ್ಮಲ್ಲಿ ಗುರಿಯ ಮಾತೆತ್ತಿದರೆ ಎಲ್ಲರೂ ಅರ್ಜುನನನ್ನು ನೆನೆಯುತ್ತಾರೆ. ಮರ ಕಾಣುವುದಿಲ್ಲ, ಕೊಂಬೆ ಕಾಣುವುದಿಲ್ಲ, ಹಕ್ಕಿಯನ್ನು ಮಾತ್ರ ಕಾಣುತ್ತೇನೆ ಎಂದ ಆ ಹುಡುಗ ಏಕಾಗ್ರತೆಗೆ ಮಾದರಿಯಾಗಿ ಪಠ್ಯಪುಸ್ತಕ ಸೇರಿದ್ದಾನೆ. ಅದು ನಿಧಾನದ ಪರೀಕ್ಷೆ. ದ್ರೋಣರು ಪ್ರಶ್ನೆ ಕೇಳಿ ಉತ್ತರ ಪಡೆಯುವಷ್ಟು ಹೊತ್ತು ಬಿಲ್ಲು ಬಾಗಿಯೇ ಇತ್ತು. ಅದೇ ಮಹಾಭಾರತದಲ್ಲಿ ಕಾಡಿನೊಳಗೆ ಏಕಲವ್ಯ ಬೊಗಳುವ ನಾಯಿಯ ಬಾಯಿಗೆ ಏಳು ಬಾಣಗಳನ್ನು ಒಮ್ಮೆಗೇ ಎಂಬಂತೆ ಬಿಟ್ಟದ್ದನ್ನು ನಾವು ಗುರುದಕ್ಷಿಣೆಯ ಕಥೆಗೆ ಪೀಠಿಕೆಯಾಗಿ ಮಾತ್ರ ಓದುತ್ತೇವೆ. ನಾಯಿ ಸಾಯಲಿಲ್ಲ, ಪಾಂಡವರಿದ್ದಲ್ಲಿಗೆ ಓಡಿ ಬಂತು. ಅದನ್ನು ನೋಡಿದ ರಾಜಕುಮಾರರು ಬೆರಗಾಗಿ ಹೊಗಳಿದ್ದು ಆ ಕೈಚಳಕವನ್ನೇ. ಗುರುವಿಲ್ಲದೆ, ಮಣ್ಣಿನ ಮೂರ್ತಿಯೆದುರು ದಿನವೂ ಮಾಡಿದ ಅಭ್ಯಾಸದಿಂದ ಬಂದ ವೇಗ ಅದು, ಗುರಿಯನ್ನು ಕೈಬಿಡದ ವೇಗ. ರ‍್ಯಾಪಿಡ್ ಫೈರ್ ಆಡುವವರಿಗೆ ಅರ್ಜುನನಿಗಿಂತ ಏಕಲವ್ಯನೇ ಹತ್ತಿರದವನು.

ಮತ್ತೆ ಅಭ್ಯಾಸಕ್ಕೆ ಬಂದರೆ, ಇದರಲ್ಲಿ ಬಹುಪಾಲು ಗುಂಡಿಲ್ಲದೇ ಆಗುವ ಕೆಲಸ. .22 ಕಾರ್ಟ್ರಿಜ್ ನಮ್ಮಲ್ಲಿ ಅಗ್ಗವೂ ಅಲ್ಲ, ಕೇಳಿದಾಗ ಸಿಗುವಂಥದ್ದೂ ಅಲ್ಲ. ಶೂಟರ್‌ಗಳು ಡ್ರೈ ಪ್ರಾಕ್ಟೀಸ್ ಎನ್ನುವ ಖಾಲಿ ಪಿಸ್ತೂಲಿನ ಅಭ್ಯಾಸ ಅದಕ್ಕೆ ಮದ್ದು. ಪಿಸ್ತೂಲ್ ಖಾಲಿಯಿದೆಯೆಂದು ಒಂದಕ್ಕೆರಡು ಸಲ ನೋಡಿಕೊಂಡು, ಆ ಕೋಣೆಯಲ್ಲಿ ಒಂದೂ ಕಾರ್ಟ್ರಿಜ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಖಾಲಿ ಗೋಡೆಯ ಕಡೆಗೆ ತೋಳು ಎತ್ತುವುದು, ಒತ್ತುವುದು, ಟಕ್ಕೆಂದಾಗ ಮುಂದಿನ ಸೈಟು ಕದಲಿತೇ ಎಂದು ನೋಡುವುದು. ಸದ್ದಿಲ್ಲ, ಒದೆತವಿಲ್ಲ, ಸೈಟು ಕದಲಿದರೆ ತಪ್ಪು ನಿಮ್ಮದೇ. ಕೆಲವು ಕೋಚ್‌ಗಳು ರೇಂಜಿನಲ್ಲಿ ಶೂಟರಿಗೆ ತಿಳಿಸದೆ ಮ್ಯಾಗಝೀನಿನಲ್ಲಿ ಒಂದು ಸುಳ್ಳು ಗುಂಡು ಸೇರಿಸುತ್ತಾರೆ. ಅದು ಹಾರುವುದಿಲ್ಲ, ಆದರೆ ಪಿಸ್ತೂಲಿನ ಮೂತಿ ತಟಕ್ಕನೆ ಕೆಳಕ್ಕೆ ಬಾಗುತ್ತದೆ. ನಾನು ಬೆಚ್ಚುವುದಿಲ್ಲ ಎಂದು ವಾದಿಸುತ್ತಿದ್ದವರು ಅಲ್ಲಿಗೆ ಸುಮ್ಮನಾಗುತ್ತಾರೆ.

ಎಷ್ಟು ವೇಗ ಸರಿ ಎಂಬುದಕ್ಕೆ ಸೆಕೆಂಡಿನ ಲೆಕ್ಕ ಯಾರೂ ಕೊಡಲಾರರು, ಆದರೆ ಒಂದು ಪರೀಕ್ಷೆ ಇದೆ. ಗುಂಡು ಹೊರಟ ಗಳಿಗೆಯಲ್ಲಿ ಸೈಟು ಎಲ್ಲಿತ್ತು ಎಂದು ಕಂಡವರಿಗೆ ಗುಂಡು ಎಲ್ಲಿ ಬಿದ್ದಿದೆಯೆಂದು ಟಾರ್ಗೆಟ್ ನೋಡದೆಯೇ ಗೊತ್ತಿರುತ್ತದೆ: ಒಂಬತ್ತು, ಎಡಕ್ಕೆ, ಹತ್ತು, ತುಸು ಕೆಳಗೆ. ಹಾಗೆ ಹೇಳಬಲ್ಲಷ್ಟು ಕಾಲ ನೀವು ನಿಮ್ಮ ವೇಗದೊಳಗೇ ಇದ್ದೀರಿ. ಹೇಳಲು ಬಾಯಿ ತಡೆದರೆ, ಬಿದ್ದದ್ದು ಹತ್ತೇ ಆಗಿದ್ದರೂ ಅದು ನಿಮ್ಮ ಹತ್ತಲ್ಲ. ಸೋಮವಾರ ನಿಖರತೆ, ಗುರುವಾರ ವೇಗ ಎಂದು ವಾರವನ್ನು ಹಂಚಿಕೊಂಡಿರುವ ಎಳೆಯ ಶೂಟರ್‌ಗಳಿಗೆ ನನ್ನ ಕೋರಿಕೆ ಇಷ್ಟೇ: ಎರಡನ್ನೂ ಒಂದೇ ದಿನ, ಒಂದೇ ಗುರಿಯ ಮೇಲೆ ಮಾಡಿ. ಪ್ರತಿ ಸೀರೀಸ್ ಮುಗಿದ ಮೇಲೆ ಪರದೆ ನೋಡುವ ಮುಂಚೆ ಐದೂ ಗುಂಡುಗಳ ಜಾಗವನ್ನು ಗಟ್ಟಿಯಾಗಿ ಹೇಳಿ, ಆಮೇಲೆ ನೋಡಿ. ಐದರಲ್ಲಿ ನಾಲ್ಕು ಸರಿಯಾದರೆ ನಾಳೆ ಕಾಲ ಕಡಿಮೆ ಮಾಡಿ. ಎರಡು ಮಾತ್ರ ಸರಿಯಾದರೆ ಇವತ್ತೇ ಹೆಚ್ಚಿಸಿ.